ಕೌದಿ ಹೊತ್ತು ಕಡೂರಿಗೆ ಹೋದ ಓಂಕಾರಮೂರ್ತಿ

ಅಜ್ಜಂಪುರದ ಓಂಕಾರಮೂರ್ತಿಯವರಿಗೆ ಗೊತ್ತಿಲ್ಲದ ವಿಷಯ ಅಂತ ಒಂದೂ ಇರಲಿಲ್ಲ. ಇದ್ದರೂ ಅದು ಅವರಿಗೆ ಗೊತ್ತಿರಲಿಲ್ಲ. ಸಹಕಾರ ಸಂಘದಲ್ಲಿ ಮೂವತ್ತೆರಡು ವರ್ಷ ಗೊಬ್ಬರದ ಚೀಟಿ ಬರೆದು ನಿವೃತ್ತರಾದ ಮೇಲೆ ಅವರು ತಮ್ಮ ಜ್ಞಾನವನ್ನೆಲ್ಲ ಮನೆಯ ಕಡೆ ತಿರುಗಿಸಿದರು. ಅದರ ಮೊದಲ ಫಲ ಒಂದು ಕಬ್ಬಿಣದ ಬೀರು. ಶಿವಮೊಗ್ಗದಲ್ಲಿ ಏಳು ಅಂಗಡಿ ಸುತ್ತಿ ತಾವೇ ಆರಿಸಿ ತಂದದ್ದು. ಮನೆಯ ಬಾಗಿಲಿಗಿಂತ ಅದು ನಾಲ್ಕು ಬೆರಳು ಅಗಲವಾಗಿದ್ದರಿಂದ ಒಳಗೆ ಹೋಗಲೇ ಇಲ್ಲ. ಎರಡು ವರ್ಷದಿಂದ ಜಗಲಿಯ ಮೇಲೇ ನಿಂತಿದೆ. ಹೊಸದಾಗಿ ಬಂದವರು ಕೆಲವರು ಅದನ್ನೇ ಬಾಗಿಲು ಅಂದುಕೊಂಡು ತಟ್ಟುವುದುಂಟು.

"ಇನ್ಮೇಲೆ ನನ್ನ ಕೇಳದೆ ಈ ಮನೆಗೆ ಒಂದು ಬೆಂಕಿಪಟ್ಟಣನೂ ತರಬೇಡಿ ಕಣ್ರೀ" ಎಂದು ಹೆಂಡತಿ ಕರಿಬಸಮ್ಮ ಆವತ್ತೇ ಹೇಳಿದ್ದರು. ಓಂಕಾರಮೂರ್ತಿಯವರು ಒಪ್ಪಿಕೊಂಡಿದ್ದರು. ಆದರೆ ಆ ಮಾತು ಎದೆಯಲ್ಲಿ ಮುಳ್ಳಿನ ಹಾಗೆ ಉಳಿದುಕೊಂಡಿತ್ತು.

ಕರಿಬಸಮ್ಮ ಕೌದಿ ಹೊಲಿಯುವುದರಲ್ಲಿ ಆ ಬೀದಿಗೇ ಹೆಸರಾದವರು. ಹಳೇ ಸೀರೆ, ಹಳೇ ಪಂಚೆ, ಹರಿದ ಅಂಗಿ ಏನೇ ಕೊಡಿ, ಪದರದ ಮೇಲೆ ಪದರ ಹಾಸಿ, ಸುತ್ತಲೂ ಸಾಲುಸಾಲಾಗಿ ಹೊಲಿದು, ಹೊದ್ದರೆ ಬಿಡಲು ಮನಸ್ಸು ಬಾರದಂಥ ಕೌದಿ ಮಾಡಿಕೊಡುತ್ತಿದ್ದರು. ಬೀದಿಯಲ್ಲಿ ಹುಟ್ಟಿದ ಮಕ್ಕಳೆಲ್ಲ ಮೊದಲು ಮಲಗಿದ್ದು ಅವರ ಕೌದಿಯ ಮೇಲೆಯೇ. ಈಗ ಹಿರೇನಲ್ಲೂರಿಗೆ ಕೊಟ್ಟ ಸ್ವಂತ ಮಗಳು ಸಂಗೀತಾಗೆ ಏಳು ತಿಂಗಳು. ಮೊಮ್ಮಗುವಿನ ಕೌದಿ ಅರ್ಧ ಆಗಿತ್ತು. ಅಷ್ಟರಲ್ಲಿ ಕರಿಬಸಮ್ಮನ ಬಲಗೈ ಹೆಬ್ಬೆರಳಿನ ಗೆಣ್ಣು ಊದಿಕೊಂಡಿತು. ಡಾಕ್ಟರು ನೋಡಿ, "ಅಮ್ಮ, ಇನ್ನು ಸೂಜಿ ಹಿಡಿಯೋದು ಬಿಟ್ಬಿಡಿ" ಅಂದರು.

ಆವತ್ತಿನಿಂದ ಕರಿಬಸಮ್ಮ ಮಧ್ಯಾಹ್ನ ಕೆಲಸ ಮುಗಿಸಿ, ಆ ಅರ್ಧ ಕೌದಿಯನ್ನು ಮಡಿಲಲ್ಲಿ ಇಟ್ಟುಕೊಂಡು ಸುಮ್ಮನೆ ಕೂತಿರುತ್ತಿದ್ದರು. ಬೈದರೆ ತಡೆದುಕೊಳ್ಳುವ ಅಭ್ಯಾಸ ಓಂಕಾರಮೂರ್ತಿಯವರಿಗೆ ಚೆನ್ನಾಗಿತ್ತು. ಹೆಂಡತಿ ಸುಮ್ಮನೆ ಕೂತರೆ ಏನು ಮಾಡಬೇಕು ಅನ್ನುವುದೊಂದು ಮಾತ್ರ ತಿಳಿಯಲಿಲ್ಲ. ನಾಲ್ಕು ದಿನ ನೋಡಿದರು. ಐದನೆಯ ದಿನ ತೀರ್ಮಾನ ಮಾಡಿದರು: ಕೌದಿ ಹೊಲಿಯುವ ಮಿಷಿನ್ ತರಬೇಕು, ಹೆಂಡತಿಗೆ ತಿಳಿಯದ ಹಾಗೆ ತಂದು ಮುಂದೆ ನಿಲ್ಲಿಸಬೇಕು, ಬೀರುವಿನ ಕಳಂಕ ತೊಳೆಯಬೇಕು.

ತರೀಕೆರೆಯ ಮಿಷಿನ್ ಅಂಗಡಿಗೆ ಫೋನ್ ಮಾಡಿದರು. ಅಂಗಡಿಯ ಶಿವಪ್ರಸಾದ್, "ಕೌದಿ ಎಷ್ಟು ದಪ್ಪ ಇರುತ್ತೆ ಸರ್?" ಎಂದು ಕೇಳಿದ.

"ಕೌದಿಯಷ್ಟೇ ದಪ್ಪ" ಎಂದರು ಇವರು.

"ಹಂಗಾದ್ರೆ ಒಂದು ಕೌದಿ ತಗೊಂಡೇ ಬನ್ನಿ ಸರ್. ಹೊಲಿದು ನೋಡಿ ಆರಿಸಬಹುದು."

ಅರ್ಧ ಹೊಲಿದ ಕೌದಿಯನ್ನು ಎತ್ತಿದರೆ ಹೆಂಡತಿಗೆ ತಿಳಿದುಹೋಗುತ್ತಿತ್ತು. ಆದ್ದರಿಂದ ಟ್ರಂಕಿನ ತಳದಲ್ಲಿದ್ದ ಒಂದು ಹಳೆಯ ದಪ್ಪ ಕೌದಿಯನ್ನು ಎತ್ತಿಕೊಂಡರು. ಅದು ಕರಿಬಸಮ್ಮನ ತಾಯಿ ಹೊಲಿದದ್ದು, ಆ ತಾಯಿ ತೀರಿಹೋಗಿ ಇಪ್ಪತ್ತು ವರ್ಷ ಆಗಿದೆ, ಅದನ್ನು ಮನೆಯಲ್ಲಿ ಯಾರೂ ಹೊದೆಯುವುದಿಲ್ಲ ಎಂಬುದೆಲ್ಲ ಅವರಿಗೆ ಗೊತ್ತಿರಬೇಕಾಗಿತ್ತು. ಆದರೆ ಆ ಹೊತ್ತಿಗೆ ತಲೆಯಲ್ಲಿ ಮಿಷಿನ್ ಒಂದೇ ಓಡುತ್ತಿತ್ತು. ಸುರುಳಿ ಸುತ್ತಿ, ಹಗ್ಗ ಬಿಗಿದು, ಕಂಕುಳಲ್ಲಿ ಇಟ್ಟುಕೊಂಡು, ಹೆಂಡತಿ ಹಿತ್ತಲಲ್ಲಿ ಪಾತ್ರೆ ತೊಳೆಯುವ ಹೊತ್ತು ನೋಡಿ ಹೊರಬಿದ್ದರು.

ಎದುರು ಮನೆಯ ಉಚ್ಚಂಗಮ್ಮ ಬಾಗಿಲಲ್ಲೇ ನಿಂತಿದ್ದರು.

"ಏನ್ ಮೂರ್ತ್ಯೋರೆ, ಹಾಸಿಗೆ ಸಮೇತ ಹೊರಟ್ಬಿಟ್ರಿ?"

ಓಂಕಾರಮೂರ್ತಿಯವರು ಹಿಂದೆ ತಿರುಗಿ ನೋಡಿ ದನಿ ಇಳಿಸಿದರು. "ಮೆಲ್ಲಗೆ ಉಚ್ಚಂಗಮ್ಮ, ಒಳಗೆ ಕೇಳಿಸ್ತದೆ. ಅವಳ ಕಷ್ಟ ಇನ್ನು ನನ್ನ ಕೈಲಿ ನೋಡಕ್ಕಾಗಲ್ಲ. ಒಂದು ತೀರ್ಮಾನ ಮಾಡ್ಬಿಟ್ಟೆ."

"ಅಯ್ಯೋ ಶಿವನೆ! ಮತ್ತೆ ಯಾವಾಗ ಬತ್ತೀರಿ?"

"ಸಿಕ್ಕಿದ್ರೆ ಸಂಜೆಗೆ. ಸಿಗದಿದ್ರೆ ಹೇಳಕ್ಕಾಗಲ್ಲ. ಅವಳಿಗೆ ಮಾತ್ರ ಏನೂ ಹೇಳ್ಬೇಡಿ."

ಇದರಲ್ಲಿ ಒಂದು ಅಕ್ಷರವೂ ಸುಳ್ಳಿರಲಿಲ್ಲ ಎಂಬುದನ್ನು ಓದುಗರು ಗಮನಿಸಬೇಕು. ಉಚ್ಚಂಗಮ್ಮನವರೂ ಮಾತಿಗೆ ತಪ್ಪಿದವರಲ್ಲ. ಕರಿಬಸಮ್ಮನಿಗೆ ಒಂದು ಮಾತೂ ಹೇಳಲಿಲ್ಲ. ಬುಕ್ಕಾಂಬುಧಿಯಲ್ಲಿದ್ದ ಕರಿಬಸಮ್ಮನ ಅಣ್ಣ ಮಲ್ಲಿಕಾರ್ಜುನಪ್ಪನಿಗೆ ಫೋನ್ ಮಾಡಿದರು. ತರೀಕೆರೆ ಬಸ್ಸು ಊರು ದಾಟುವ ಮೊದಲೇ ಸುದ್ದಿ ಬುಕ್ಕಾಂಬುಧಿ ಮುಟ್ಟಿತ್ತು: "ನಿಮ್ಮ ತಂಗಿ ಗಂಡ ಹಾಸಿಗೆ ಕಟ್ಟಿಕೊಂಡು ಮನೆ ಬಿಟ್ಟು ಹೋದ್ರು ಕಣ್ರೀ."

ಇತ್ತ ತರೀಕೆರೆಯಲ್ಲಿ ಶಿವಪ್ರಸಾದನ ಅಂಗಡಿ ತುಂಬ ಬೆಳ್ಳಗಿನ ಹೊಸ ಮಿಷಿನ್‌ಗಳು ಸಾಲಾಗಿ ಕೂತಿದ್ದವು. ಓಂಕಾರಮೂರ್ತಿಯವರು ದನದ ಸಂತೆಯಲ್ಲಿ ನೋಡುವವರ ಹಾಗೆ ಒಂದೊಂದರ ಬೆನ್ನನ್ನೂ ತಟ್ಟಿ ನೋಡಿದರು.

"ವಾಕಿಂಗ್ ಫೂಟ್ ಬೇಕಾಗುತ್ತಾ ಸರ್?" ಎಂದ ಶಿವಪ್ರಸಾದ್.

"ನಮ್ಮನೇಲಿ ಯಾರಿಗೂ ವಾಕಿಂಗ್ ಅಭ್ಯಾಸ ಇಲ್ಲ."

"ಹಂಗಲ್ಲ ಸರ್. ದಪ್ಪ ಬಟ್ಟೆ ಹೊಲಿಯುವಾಗ ಕೆಳಗಿನ ಪದರ ಮುಂದೆ ಹೋಗುತ್ತೆ, ಮೇಲಿನ ಪದರ ಹಿಂದೆ ಉಳಿಯುತ್ತೆ. ಈ ಪಾದ ಹೆಜ್ಜೆ ಎತ್ತಿ ಇಟ್ಟು ಮೇಲಿನದನ್ನೂ ಜೊತೆಗೇ ನಡೆಸಿಕೊಂಡು ಹೋಗುತ್ತೆ."

"ಗೊತ್ತು" ಎಂದರು ಓಂಕಾರಮೂರ್ತಿಯವರು. "ನಿನಗೆ ಗೊತ್ತಾ ಅಂತ ನೋಡಿದೆ."

ಕೌದಿ ಬಿಚ್ಚಿ ಅಂಚನ್ನು ಮಿಷಿನ್ ಕೆಳಗೆ ಇಟ್ಟರು. ಶಿವಪ್ರಸಾದ್ ಹಳದಿ ದಾರ ಪೋಣಿಸಿ, "ಇದರಲ್ಲಿ ನೂರೆಂಟು ಡಿಸೈನ್ ಇದಾವೆ ಸರ್" ಅನ್ನುತ್ತಿದ್ದ. ಅಷ್ಟರಲ್ಲಿ ಅಂಗಡಿಗೆ ಇನ್ನೊಬ್ಬ ಗಿರಾಕಿ ಬಂದ. ಶಿವಪ್ರಸಾದ್ ಅತ್ತ ತಿರುಗಿದ. ಇವರು ಗೊತ್ತಿದ್ದವರ ಹಾಗೆ ಒಂದು ಗುಂಡಿ ಒತ್ತಿದರು. ಮಿಷಿನ್ ಸಂತೋಷದಿಂದ ಹೊಲಿಯತೊಡಗಿತು. ಬಟ್ಟೆಯ ಮೇಲೆ ಒಂದು ಪುಟ್ಟ ಬಾತುಕೋಳಿ ಮೂಡಿತು. ಅದರ ಹಿಂದೆ ಇನ್ನೊಂದು. ಇವರು ಬೇರೆ ಗುಂಡಿ ಒತ್ತಿದರು. ಬಾತುಕೋಳಿಗಳು ದೊಡ್ಡವಾದವು. "ಏ, ನಿಲ್ಸೋ!" ಎಂದು ಇವರು ಮಿಷಿನ್‌ಗೆ ಕೂಗಿ, ಶಿವಪ್ರಸಾದ್ ಓಡಿ ಬರುವಷ್ಟರಲ್ಲಿ ಕೌದಿಯ ಮೇಲೆ ಹನ್ನೊಂದು ಬಾತುಕೋಳಿ ಶಿಸ್ತಾಗಿ ಸಾಲಿನಲ್ಲಿ ಹೊರಟಿದ್ದವು. ಹನ್ನೆರಡನೆಯದು ಎಂಟು ಪದರ ಸೇರಿದ ದಪ್ಪ ಜಾಗಕ್ಕೆ ಬಂದಾಗ ಸೂಜಿ ಟಪ್ ಎಂದು ಮುರಿಯಿತು.

ಪಕ್ಕದಲ್ಲಿದ್ದ ಇನ್ನೊಂದು ಮಿಷಿನ್‌ನಲ್ಲಿ ನೀಲಿ ದಾರ ಹಾಕಿ ನೋಡಿದರು. ಅದು ಎರಡು ಹೊಲಿಗೆ ಹಾಕಿ ಮೂರು ಬಿಟ್ಟು, ಮನಸ್ಸು ಬಂದಲ್ಲಿ ಮಾತ್ರ ನಿಲ್ಲುವ ಬಸ್ಸಿನ ಹಾಗೆ ಹೋಯಿತು. ಕೊನೆಗೆ ಶಿವಪ್ರಸಾದನಿಗೇ ಅಯ್ಯೋ ಅನ್ನಿಸಿತು.

"ಸರ್, ಇವು ರವಿಕೆ, ಚೂಡಿದಾರ್ ಹೊಲಿಯೋವು. ನಿಮ್ಮ ಕೌದಿಗೆ ಕಬ್ಬಿಣದ ಹಳೇ ಮಿಷಿನ್ನೇ ಸರಿ. ಕಡೂರಲ್ಲಿ ಧನಪಾಲ್ ಅಂತ ಇದಾರೆ, ರಿಪೇರಿ ಮಾಡಿ ಮಾರ್ತಾರೆ. ನಂಬರ್ ಕೊಡ್ತೀನಿ, ಮಾತಾಡಿ."

ಓಂಕಾರಮೂರ್ತಿಯವರು ಕಡೂರು ಬಸ್ಸು ಹತ್ತಿ ಕೌದಿಯನ್ನು ತೊಡೆಯ ಮೇಲೆ ಕೂರಿಸಿಕೊಂಡು ಫೋನ್ ಹಚ್ಚಿದರು. ಫೋನಿನಲ್ಲಿ ಮಾತಾಡುವಾಗ ಆ ಕಡೆಯವರು ಎಷ್ಟು ದೂರದಲ್ಲಿದ್ದಾರೋ ಅಷ್ಟು ಜೋರಾಗಿ ಮಾತಾಡಬೇಕು ಎಂಬುದು ಅವರ ನಂಬಿಕೆ. ಇಡೀ ಬಸ್ಸು ಕೇಳಿಸಿಕೊಂಡಿತು.

"ಹಲೋ, ಧನಪಾಲ್ ಅವರಾ? ನಿಮ್ಮ ಹತ್ರ ಒಂದು ಐತಂತಲ್ಲ... ಹೌದು, ನನಗೇ. ವಯಸ್ಸೆಷ್ಟಾಗೈತೆ?... ಮೂವತ್ತೈದಾ? ಪರವಾಗಿಲ್ಲ ಬಿಡಿ. ತರೀಕೆರೇಲಿ ಬೆಳಿಗ್ಗೆಯಿಂದ ಎರಡು ನೋಡ್ದೆ. ನೋಡಕ್ಕೇನೋ ಬೆಳ್ಳಗೆ ಚೆನ್ನಾಗಿದ್ವು, ಕೆಲಸ ಕೊಟ್ರೆ ನಿಂತೇಬಿಟ್ವು... ಕಪ್ಪಗಿದ್ರೇನ್ರೀ, ಗಟ್ಟಿಮುಟ್ಟಾಗಿದ್ರೆ ಸಾಕು. ಮುಂಚೆ ಯಾರ ಮನೇಲಿತ್ತು?... ಓ, ಅವರು ತೀರ್ಕೊಂಡ್ರಾ, ಪಾಪ... ಗಲಾಟೆ ಏನಾದ್ರೂ ಮಾಡುತ್ತಾ?... ಇಲ್ಲ, ನಮ್ಮನೆಯವಳಿಗೆ ಇನ್ನೂ ಹೇಳಿಲ್ಲ. ಸೀದಾ ತಂದು ಮನೇಲಿ ನಿಲ್ಲಿಸಿಬಿಟ್ರೆ ಹೊಂದ್ಕೊತಾಳೆ."

ನಮ್ಮ ಕಡೆ ಹೆಂಗಸರನ್ನೂ ಸಲಿಗೆಯಿಂದ 'ಅದು, ಬಂತು, ಹೋಯ್ತು' ಅನ್ನುವ ರೂಢಿಯುಂಟು. ಅನರ್ಥಕ್ಕೆ ಅಷ್ಟು ಸಾಕಾಯಿತು. ಹಿಂದಿನ ಸೀಟಿನಲ್ಲಿ ಬುಕ್ಕಾಂಬುಧಿಯ ಕೆಂಚಪ್ಪ ಕೂತಿದ್ದ. ಅವನು ಬೀರೂರಿನಲ್ಲೇ ಇಳಿದು ಮಲ್ಲಿಕಾರ್ಜುನಪ್ಪನಿಗೆ ಫೋನ್ ಮಾಡಿದ.

"ಅಣ್ಣೋ, ನಿಮ್ಮ ತಂಗಿ ಗಂಡ ಬರೀ ಮನೆ ಬಿಟ್ಟಿಲ್ಲ ಕಣಣ್ಣೋ. ಕಡೂರಲ್ಲಿ ಒಂದು ಗೊತ್ತು ಮಾಡವ್ರೆ. ಗಂಡ ಸತ್ತಿರೋದಂತೆ. ತರೀಕೆರೇಲೂ ಎರಡು ನೋಡಿ ಬೇಡ ಅಂದವ್ರೆ!"

ಮಲ್ಲಿಕಾರ್ಜುನಪ್ಪ ಊಟಕ್ಕೆ ಕೂತಿದ್ದವರು ಎದ್ದುಬಿಟ್ಟರು. "ನೀನೂ ಬಾರೋ. ಕೇಳಿದ್ದನ್ನ ಅವನ ಮುಂದೆ ಹೇಳಬೇಕು."

ಕಡೂರಿನಲ್ಲಿ ಧನಪಾಲರ ಅಂಗಡಿಯಲ್ಲಿದ್ದ ಕಪ್ಪು ಮಿಷಿನ್ ನಿಜಕ್ಕೂ ಗಟ್ಟಿಗ. ಕೆಂಪು ದಾರ ಹಾಕಿ ಅಂಚಿನ ಮೇಲೆ ಓಡಿಸಿದರೆ, ಎಂಟು ಪದರವನ್ನು ಬೆಣ್ಣೆಯ ಹಾಗೆ ತೂರಿಕೊಂಡು ನೆಟ್ಟಗೆ ಹೋಯಿತು. ಓಂಕಾರಮೂರ್ತಿಯವರ ಮುಖ ಅರಳಿತು. "ನಾಳೆ ಗಾಡಿ ತಗೊಂಡು ಬತ್ತೀನಿ, ಯಾರಿಗೂ ಕೊಡಬೇಡಿ" ಎಂದು ಹೇಳಿ ಬಸ್ ನಿಲ್ದಾಣಕ್ಕೆ ಬಂದರು. ಅಜ್ಜಂಪುರದ ಬಸ್ಸು ಆಗ ತಾನೇ ಹೋಗಿತ್ತು. ಬೆಳಿಗ್ಗೆಯಿಂದ ಒಂದು ಬನ್ನು ಬಿಟ್ಟರೆ ಏನೂ ತಿಂದಿರಲಿಲ್ಲ. ಬೆಂಚಿನ ಮೇಲೆ ಕೌದಿಯನ್ನು ತಲೆಗೆ ಇಟ್ಟುಕೊಂಡು ಒರಗಿದವರು ಹಾಗೇ ನಿದ್ದೆ ಹೋದರು.

ಕಣ್ಣು ಬಿಟ್ಟಾಗ ಎದುರಿಗೆ ಒಬ್ಬಳು ಹುಡುಗಿ ಕೈಯಲ್ಲಿ ಫಾರಂ ಹಿಡಿದು ನಿಂತಿದ್ದಳು.

"ಹೆದರಬೇಡಿ ಅಜ್ಜ. ನಾನು ಸ್ಫೂರ್ತಿ ಅಂತ. ಹಿರಿಯ ನಾಗರಿಕರ ಸಹಾಯವಾಣಿಯಿಂದ ಬಂದಿದೀನಿ. ಯಾರೋ ಅಜ್ಜ ಹಾಸಿಗೆ ಹೊತ್ತುಕೊಂಡು ಬಂದು ಮಲಗಿದಾರೆ ಅಂತ ಟೀ ಅಂಗಡಿಯವರು ಫೋನ್ ಮಾಡಿದ್ರು. ನಿಮ್ಮನ್ನ ಮನೆಯಿಂದ ಹೊರಗೆ ಹಾಕಿದ್ದು ಯಾರು?"

"ಅಜ್ಜ ಯಾರಮ್ಮ? ನನಗಿನ್ನೂ ಅರವತ್ತೆರಡು."

"ಮನೇಲಿ ಯಾರ್ಯಾರಿದಾರೆ?"

"ಹೆಂಡತಿ ಒಬ್ಬಳೇ."

ಸ್ಫೂರ್ತಿ ಬರೆದುಕೊಂಡಳು. "ಹೊಡೀತಾರಾ?"

"ಛೆ! ಅವಳ ಹೆಬ್ಬೆರಳೇ ಊದಿಕೊಂಡೈತೆ."

ಸ್ಫೂರ್ತಿ ಅದನ್ನೂ ಬರೆದುಕೊಂಡಳು, ಕೆಳಗೆ ಎರಡು ಗೆರೆ ಎಳೆದಳು. "ಬನ್ನಿ, ಜೀಪಿದೆ. ನಿಮ್ಮನ್ನ ಮನೆಗೆ ಬಿಟ್ಟು ಅವರ ಹತ್ರ ಮಾತಾಡ್ತೀನಿ." ಬಸ್ಸು ತಪ್ಪಿದವರನ್ನು ಮನೆಗೆ ಬಿಡುವ ವ್ಯವಸ್ಥೆಯನ್ನು ಸರ್ಕಾರ ಯಾವಾಗ ಮಾಡಿತು ಎಂದು ಆಶ್ಚರ್ಯಪಡುತ್ತ ಓಂಕಾರಮೂರ್ತಿಯವರು ಜೀಪು ಹತ್ತಿದರು.

ಅಷ್ಟು ಹೊತ್ತಿಗೆ ಅಜ್ಜಂಪುರದ ಆ ಜಗಲಿಯ ಮೇಲೆ ಮಲ್ಲಿಕಾರ್ಜುನಪ್ಪ ಟವೆಲ್ ಕೊಡವಿ ಕೊಡವಿ ಕೂತಿದ್ದರು. ಕೆಂಚಪ್ಪ ಸಾಕ್ಷಿಯಾಗಿ ಪಕ್ಕದಲ್ಲಿದ್ದ. ಉಚ್ಚಂಗಮ್ಮ ಎಲ್ಲರಿಗೂ ಟೀ ತಂದಿದ್ದರು. ಅಣ್ಣನ ಬಾಯಿಂದ ಸುದ್ದಿ ಕೇಳಿದ ಕರಿಬಸಮ್ಮ ಮೊದಲು ನಕ್ಕುಬಿಟ್ಟಿದ್ದರು. "ಅವರಾ? ಒಂದು ಕಟ್ಟು ಸೊಪ್ಪು ಆರಿಸಕ್ಕೆ ಬರಲ್ಲ, ಹೆಂಗಸನ್ನ ಆರಿಸ್ತಾರೇನಣ್ಣ?" ಆದರೆ ಆಮೇಲೆ ಒಳಗೆ ಹೋಗಿ ನೋಡಿದರೆ ಟ್ರಂಕು ತೆರೆದಿತ್ತು. ತಳದಲ್ಲಿದ್ದ ಅವ್ವನ ಕೌದಿ ಇರಲಿಲ್ಲ. ಆಗಿನಿಂದ ಅವರು ಟ್ರಂಕಿನ ಮುಂದೆಯೇ ಕೂತಿದ್ದರು.

ನಾಲ್ಕು ಗಂಟೆಗೆ ಜೀಪು ಬಂದು ನಿಂತಿತು. ಓಂಕಾರಮೂರ್ತಿಯವರು ಕೌದಿ ಸಮೇತ ಇಳಿದರು. ಹಿಂದೆಯೇ ಸ್ಫೂರ್ತಿ ಇಳಿದಳು.

ಮಲ್ಲಿಕಾರ್ಜುನಪ್ಪನ ಟವೆಲ್ ಕೆಳಗೆ ಬಿತ್ತು. "ಇದೇನೇನೋ?"

ಕೆಂಚಪ್ಪ ಕಣ್ಣು ಕಿರಿದು ಮಾಡಿ ನೋಡಿದ. "ಇದಲ್ಲ ಅನ್ಸುತ್ತಣ್ಣೋ. ಮೂವತ್ತೈದು, ಕಪ್ಪಗೈತೆ ಅಂದಿದ್ರು. ಇದು ಹೊಸದಿದ್ದಂಗೈತೆ."

ಸ್ಫೂರ್ತಿ ಫಾರಂ ಬಿಡಿಸಿ ಮಲ್ಲಿಕಾರ್ಜುನಪ್ಪನ ಮುಂದೆ ನಿಂತಳು. "ಇವರನ್ನ ಮನೆಯಿಂದ ಹೊರಗೆ ಹಾಕಿದ್ದು ನೀವೇನಾ?"

"ನಾನ್ಯಾಕಮ್ಮ ಹಾಕಲಿ? ನಿನ್ನ ಕಟ್ಕೊಳಕ್ಕೆ ಅವನೇ ಮನೆ ಬಿಟ್ಟು ಹೋಗಿರೋದು! ನಿಮ್ಮಪ್ಪನ ವಯಸ್ಸಾಗೈತಲ್ಲಮ್ಮ ಅವನಿಗೆ!"

"ಯಾರನ್ನ ಕಟ್ಕೊಳಕ್ಕೆ?" ಎಂದಳು ಸ್ಫೂರ್ತಿ.

"ಕಡೂರಿಂದನ್ನ!" ಎಂದ ಕೆಂಚಪ್ಪ. "ಫೋನಲ್ಲಿ ನಾನೇ ಕಿವಿಯಾರೆ ಕೇಳಿಸ್ಕಂಡಿದೀನಿ."

"ಕಡೂರಲ್ಲಿ ನಾನು ನೋಡಿದ್ದು ಹೊಲಿಗೆ ಮಿಷಿನ್ ಕಣಯ್ಯಾ!" ಎಂದು ಕೂಗಿದರು ಓಂಕಾರಮೂರ್ತಿಯವರು. ಕೂಗಿದ ಮೇಲೆ, ಗುಟ್ಟು ರಟ್ಟಾಯಿತಲ್ಲ ಎಂದು ತಲೆ ಮೇಲೆ ಕೈ ಇಟ್ಟುಕೊಂಡರು.

ಉಚ್ಚಂಗಮ್ಮ ಖಾಲಿ ಲೋಟಗಳನ್ನು ಎತ್ತಿಕೊಳ್ಳತೊಡಗಿದರು. ಸ್ಫೂರ್ತಿ ಬರೆದದ್ದರ ಮೇಲೆ ಗೆರೆ ಎಳೆದಳು. ಕರಿಬಸಮ್ಮ ಒಳಗಿನಿಂದ ಬಂದು, ಗಂಡನ ಕೈಯಿಂದ ಕೌದಿ ತೆಗೆದುಕೊಂಡು ನೆಲದ ಮೇಲೆ ಬಿಡಿಸಿದರು.

ಹನ್ನೊಂದು ಹಳದಿ ಬಾತುಕೋಳಿಗಳು ಎಲ್ಲರ ಎದುರಿಗೆ ಬಂದವು.

"ನಮ್ಮವ್ವನ ಕೌದಿ ಮೇಲೆ ಬಾತುಕೋಳಿ ಬಿಟ್ಟಿದೀರಲ್ರೀ" ಎಂದರು ಕರಿಬಸಮ್ಮ.

ಓಂಕಾರಮೂರ್ತಿಯವರು ಮೂವತ್ತೆರಡು ವರ್ಷದ ಸಂಸಾರದಲ್ಲಿ ಮೊದಲ ಸಲ, "ನನಗೆ ಗೊತ್ತಾಗಲಿಲ್ಲ ಕಣೇ" ಅಂದರು. "ನೀನು ಆ ಅರ್ಧ ಕೌದಿ ಇಟ್ಕೊಂಡು ಸುಮ್ನೆ ಕೂತಿರೋದು ನೋಡಕ್ಕಾಗಲಿಲ್ಲ. ಕೇಳಿದ್ರೆ ಬೇಡ ಅಂತಿದ್ದೆ. ಬೀರು ತಂದೋನು ಇವನು ಅಂತಿದ್ದೆ. ಅದಕ್ಕೇ ಹೇಳಲಿಲ್ಲ."

ಮಲ್ಲಿಕಾರ್ಜುನಪ್ಪ ಬೈಯಲು ಬಾಯಿ ತೆರೆದವರು ಕೌದಿಯ ಮೇಲೆ ಬಗ್ಗಿದರು. ಮೂಲೆಯಲ್ಲಿದ್ದ ಒಂದು ನೀಲಿ ಪಟ್ಟೆಯ ತುಂಡನ್ನು ಮುಟ್ಟಿದರು. "ಕರಿಬಸೀ, ಇದು ನನ್ನ ನಾಲ್ಕನೇ ಕ್ಲಾಸಿನ ಅಂಗಿ ಕಣೇ" ಎಂದು ಅಲ್ಲೇ ಕೂತರು. ಆಮೇಲೆ ಅವರಿಂದ ಜಗಳ ಸಾಧ್ಯವಾಗಲಿಲ್ಲ.

ಕರಿಬಸಮ್ಮ ಮಾತ್ರ ಬೇರೆಯೇ ಕೆಲಸದಲ್ಲಿದ್ದರು. ಸೆರಗಿನಿಂದ ಕಣ್ಣೊರೆಸಿಕೊಂಡು, ಬಾತುಕೋಳಿಗಳನ್ನು ದಾಟಿ, ನೀಲಿ ಸಾಲಿನ ಮೇಲೆ ಬೆರಳಾಡಿಸಿದರು. "ಇದು ಹೊಲಿಗೆ ಬಿಟ್ಟೈತೆ." ಮುಂದೆ ಸರಿದು ಕೆಂಪು ಸಾಲನ್ನು ತಿರುವಿ ಹಿಂದೆ ಮುಂದೆ ನೋಡಿದರು. ಉಗುರಿನಿಂದ ಎಳೆದು ನೋಡಿದರು. "ಇದು ಯಾವುದು?"

"ಕಡೂರಿಂದು."

"ಪರವಾಗಿಲ್ಲ" ಎಂದರು ಕರಿಬಸಮ್ಮ. "ನಾಳೆ ನಾನೂ ಬತ್ತೀನಿ."

ಮಾರನೆಯ ದಿನ ಗಂಡ ಹೆಂಡತಿ ಅರ್ಧ ಹೊಲಿದ ಕೌದಿ ಹಿಡಿದು ಕಡೂರಿಗೆ ಹೋದರು. ಓಂಕಾರಮೂರ್ತಿಯವರು ಕಪ್ಪು ಮಿಷಿನ್ ಪಕ್ಕ ನಿಂತು, "ನೋಡು, ಎಂಟು ಪದರ ಬೆಣ್ಣೆ ಹಂಗೆ" ಎಂದು ಶುರು ಮಾಡಿದರು. ಕರಿಬಸಮ್ಮ ಕೌದಿಯ ಅರ್ಧ ಭಾಗವನ್ನು ಸುರುಳಿ ಸುತ್ತಿ, ಸೂಜಿಗೂ ಮಿಷಿನ್ನಿನ ಕಂಬಕ್ಕೂ ನಡುವಿನ ಸಂದಿನಲ್ಲಿ ತೂರಿಸಲು ನೋಡಿದರು. ಸುರುಳಿ ಸಿಕ್ಕಿಕೊಂಡಿತು.

"ಇಲ್ಲಿ ಜಾಗವೇ ಇಲ್ಲ. ಅಂಚು ಹೊಲೀಬಹುದು. ಕೌದಿ ನಡುಮಧ್ಯೆ ಹೊಲಿಯೋದು ಹೆಂಗೆ?"

ಓಂಕಾರಮೂರ್ತಿಯವರು ಬಗ್ಗಿ ಆ ಸಂದನ್ನು ನೋಡಿದರು. ಮೂರು ಮಿಷಿನ್‌ಗಳಲ್ಲೂ ಅವರು ಹೊಲಿಸಿದ್ದು ಅಂಚನ್ನೇ. ಬಾಗಿಲು ಅಳೆಯದೆ ಬೀರು ತಂದವರು ಮತ್ತೆ ಅದನ್ನೇ ಮಾಡಲಿದ್ದರು.

ಧನಪಾಲರು ಕರಿಬಸಮ್ಮನ ಮುಖವನ್ನು ಗೌರವದಿಂದ ನೋಡಿದರು. "ಅಮ್ಮ, ನಿಮಗೆ ಕೆಲಸ ಗೊತ್ತು. ಒಂದು ನಿಮಿಷ ಇರಿ" ಎಂದು ಹಿಂದಿನ ಕೋಣೆಯಲ್ಲಿ ಗೋಣಿಚೀಲಗಳನ್ನು ಸರಿಸಿದರು. ಲಾರಿಯ ಟಾರ್ಪಾಲು ಹೊಲಿಯಲು ಯಾರೋ ಇಟ್ಟುಕೊಂಡಿದ್ದ, ಉದ್ದ ಕೈಯ, ಅಗಲ ಸಂದಿನ ಒಂದು ಮಿಷಿನ್ ಅಲ್ಲಿತ್ತು. ಬಣ್ಣ ಹೋಗಿತ್ತು, ಹಿಡಿ ಸಡಿಲವಾಗಿತ್ತು. ಓಂಕಾರಮೂರ್ತಿಯವರಾಗಿದ್ದರೆ ಅದರ ಕಡೆ ತಿರುಗಿಯೂ ನೋಡುತ್ತಿರಲಿಲ್ಲ. ಕರಿಬಸಮ್ಮ ಸುರುಳಿ ತೂರಿಸಿದರು. ಸಲೀಸಾಗಿ ಹೋಯಿತು. ಸ್ಟೂಲು ಎಳೆದುಕೊಂಡು ಕೂತು, ಕೌದಿಯ ನಡುಮಧ್ಯೆ ಒಂದು ಸಾಲು ಹೊಲಿದರು, ಹೆಬ್ಬೆರಳು ನೋಯುತ್ತದೆಯೇ ಎಂದು ಮಡಿಸಿ ನೋಡಿಕೊಂಡರು, ಇನ್ನೊಂದು ಸಾಲು ಹೊಲಿದರು.

"ಇದು" ಎಂದರು.

ಮಿಷಿನ್ ಮನೆಗೆ ಬಂತು. ಬಾಗಿಲಲ್ಲಿ ಹಿಡಿಸಿತು, ಹೊರಡುವ ಮೊದಲು ಕರಿಬಸಮ್ಮ ದಾರದಿಂದ ಬಾಗಿಲು ಅಳೆದುಕೊಂಡು ಹೋಗಿದ್ದರು. ಆದರೆ ಹೊಲಿಯಲು ಕೂತರೆ ಒಂದು ಹೊಸ ತೊಂದರೆ ಎದ್ದಿತು. ಕೌದಿಯ ಭಾರವೆಲ್ಲ ಮೇಜಿನಿಂದ ಕೆಳಗೆ ಜೋತು ಬಟ್ಟೆಯನ್ನು ಆ ಕಡೆ ಎಳೆಯುತ್ತಿತ್ತು. ಸಾಲು ವಾಲುತ್ತಿತ್ತು. ಕರಿಬಸಮ್ಮ ಎರಡು ಸಲ ಬಿಚ್ಚಿ ಹೊಲಿದರು. ಮೂರನೆಯ ಸಲ ಓಂಕಾರಮೂರ್ತಿಯವರು ಪೇಪರ್ ಮಡಿಸಿಟ್ಟು, ಬೆತ್ತದ ಕುರ್ಚಿಯನ್ನು ಮಿಷಿನ್ನಿನ ಆ ಬದಿಗೆ ತಂದು ಹಾಕಿಕೊಂಡು, ಜೋತುಬಿದ್ದ ಕೌದಿಯನ್ನು ಎರಡು ಕೈಯಲ್ಲೂ ಎತ್ತಿ ಹಿಡಿದರು.

ಸಾಲು ನೆಟ್ಟಗೆ ಹೋಯಿತು.

ಈಗ ದಿನಾ ಮಧ್ಯಾಹ್ನ ಊಟವಾದ ಮೇಲೆ ಅದೇ ಕೆಲಸ. ಉಚ್ಚಂಗಮ್ಮ ಒಂದು ದಿನ ಹಳೇ ಸೀರೆಗಳ ಗಂಟು ಹಿಡಿದು ಬಂದು ಬಾಗಿಲಲ್ಲಿ ನಿಂತು, "ಮೂರ್ತ್ಯೋರೆ, ಮಿಷಿನ್ ವಿಷಯ ನೀವೇ ಹೇಳ್ಬೇಕು. ನಮ್ಮ ಸೊಸೆಗೂ ಒಂದು ಕೊಡಿಸೋಣ ಅಂತ, ಎಂಥದ್ದು ತಗೊಂಡ್ರೆ ಒಳ್ಳೇದು?" ಎಂದು ಕೇಳಿದರು. ನಿಜವಾಗಿ ಅದು ಅವರ ಕ್ಷಮಾಪಣೆ. ಓಂಕಾರಮೂರ್ತಿಯವರ ಬಾಯಿ ತೆರೆದುಕೊಂಡಿತು. ಹೇಳಲು ಎಷ್ಟೊಂದಿತ್ತು. ಆದರೆ ಅವರು ಕೈಯಲ್ಲಿದ್ದ ಕೌದಿಯನ್ನು ನೋಡಿದರು, ಸೂಜಿಯನ್ನು ನೋಡಿದರು.

"ನನಗೇನು ಗೊತ್ತಮ್ಮ, ಅವಳನ್ನ ಕೇಳಿ" ಎಂದರು. ಆಮೇಲೆ ಹೆಂಡತಿಯ ಕಡೆ ತಿರುಗಿದರು. "ಎತ್ತಿ ಹಿಡೀಲಾ, ಬಿಡಲಾ?"

"ಒಂಚೂರು ಬಿಡಿ" ಎಂದರು ಕರಿಬಸಮ್ಮ. ಓಂಕಾರಮೂರ್ತಿಯವರು ಒಂಚೂರು ಬಿಟ್ಟರು.